ಕೈಯಾರೆ ತುಂಬಿದ ತೋಟಾಕ್ಕೆ ಯಾವ ರೇಂಜ್? ಅಮೆರಿಕದ ಒಳಾಂಗಣ ಶೂಟಿಂಗ್ ರೇಂಜ್‌ಗಳ ರೀಲೋಡ್ ನಿಯಮಗಳ ಹೋಲಿಕೆ

ಅಮೆರಿಕದ ಒಳಾಂಗಣ ಶೂಟಿಂಗ್ ರೇಂಜ್ ಒಂದಕ್ಕೆ ನೀವು ಸ್ವಂತ ಪಿಸ್ತೂಲನ್ನೂ ಸ್ವಂತ ತೋಟಾಗಳನ್ನೂ ಒಯ್ದರೆ, ಲೇನ್ (ನಿಂತು ಹಾರಿಸುವ ಜಾಗ) ಕೊಡುವ ಮೊದಲು ಕೌಂಟರಿನಲ್ಲಿರುವವರು ಬಹುಮಟ್ಟಿಗೆ ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ: ಇವು ಕಾರ್ಖಾನೆಯ ತೋಟಾಗಳೋ, ರೀಲೋಡ್ ಮಾಡಿದವೋ? ರೀಲೋಡ್ ಎಂದರೆ ಕೆಲವು ರೇಂಜ್‌ಗಳು ನಯವಾಗಿಯೇ ನಿರಾಕರಿಸುತ್ತವೆ, ಕೆಲವು ಡಬ್ಬಿಯ ಮೇಲಿನ ಚೀಟಿಯನ್ನು ಓದಿ ನೋಡುತ್ತವೆ, ಇನ್ನು ಕೆಲವು ಹೊಣೆಪತ್ರಕ್ಕೆ ಸಹಿ ಪಡೆದು ಒಳಗೆ ಬಿಡುತ್ತವೆ. ಶುಲ್ಕವನ್ನೂ ಮನೆಯಿಂದಿರುವ ದೂರವನ್ನೂ ಮಾತ್ರ ನೋಡಿ ವರ್ಷದ ಸದಸ್ಯತ್ವ ಪಡೆದು, ತಾವು ವಾರವಿಡೀ ಕುಳಿತು ತುಂಬಿದ ತೋಟಾಗಳನ್ನು ಅಲ್ಲಿ ಹಾರಿಸುವಂತಿಲ್ಲ ಎಂಬುದು ಆಮೇಲೆ ತಿಳಿದು ಪೇಚಾಡಿದ ಪರಿಚಿತರು ನನಗೆ ಹಲವರಿದ್ದಾರೆ. ಈ ಹವ್ಯಾಸಕ್ಕೆ ಹೊಸದಾಗಿ ಬರುತ್ತಿರುವ ಕನ್ನಡಿಗರಿಗೆ ಅದೇ ತೊಂದರೆ ಆಗದಿರಲಿ ಎಂಬ ಕಾಳಜಿಯಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ತೋಟಾದಲ್ಲಿ ಇರುವುದು ನಾಲ್ಕೇ ಭಾಗ: ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂರುವ ಕೇಪು ಅಥವಾ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಕಚ್ಚಿಕೊಂಡಿರುವ ಗುಂಡು. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಮದ್ದು ಸುರಿದು ಗಜದಿಂದ ಜಡಿಯುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಾರಿಸಿದ ಮೇಲೆ ಉಳಿಯುವುದು ಹಿತ್ತಾಳೆಯ ಕೇಸು ಮಾತ್ರ. ಅದನ್ನು ಶುಚಿಗೊಳಿಸಿ, ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸುವುದೇ ರೀಲೋಡಿಂಗ್. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಮಾತ್ರ ಸ್ವಂತ ಬಳಕೆಗೆ ತುಂಬಿಕೊಳ್ಳುವವರಿಗೆ ಲೈಸೆನ್ಸ್ ಬೇಕಿಲ್ಲ, ಮಾರಾಟಕ್ಕೆ ತಯಾರಿಸುವವರಿಗೆ ಬೇಕು. ಕರ್ನಾಟಕದ ರೇಂಜ್‌ಗಳಲ್ಲಿ ಕಲಿತು ಬಂದವರಿಗೆ ಈ ಪ್ರಶ್ನೆ ಹೊಸದೆನಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ 10 ಮೀಟರ್ ಸ್ಪರ್ಧೆಗಳಿಗೆ ಗಾಳಿಯೊತ್ತಡದ ಬಂದೂಕು, 25 ಮತ್ತು 50 ಮೀಟರ್ ಸ್ಪರ್ಧೆಗಳಿಗೆ ಹೆಚ್ಚಾಗಿ .22 ತೋಟಾ ಬಳಕೆಯಲ್ಲಿವೆ. .22 ತೋಟಾದ ಸಿಡಿಮದ್ದು ಕೇಸಿನ ಅಂಚಿನೊಳಗೇ ಇರುವುದರಿಂದ ಒಮ್ಮೆ ಹಾರಿಸಿದ ಮೇಲೆ ಅದನ್ನು ಮರಳಿ ತುಂಬುವ ರೂಢಿಯೇ ಇಲ್ಲ.

ವೀಸಾದ ವಿಷಯ ಮೊದಲು

ರೇಂಜ್‌ಗಳನ್ನು ಹೋಲಿಸುವ ಮೊದಲು ಒಂದು ಮಾತನ್ನು ಒತ್ತಿ ಹೇಳಲೇಬೇಕು. ಎಚ್-1ಬಿ, ಎಲ್-1, ಎಫ್-1, ಎಚ್-4 ಮುಂತಾದ ವಲಸೆಯೇತರ ವೀಸಾಗಳಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿದ್ದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿರುವುದು ಅವುಗಳಲ್ಲಿ ಮುಖ್ಯವಾದುದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ‘ನಾನು ಕೊಳ್ಳುತ್ತಿಲ್ಲ, ಬಾಡಿಗೆಗೆ ಪಡೆದು ಒಂದು ಗಂಟೆ ಹಾರಿಸಿ ಬರುತ್ತೇನೆ’ ಎಂದುಕೊಂಡರೆ ಸಾಲದು. ಅಮೆರಿಕದ ಸುಪ್ರೀಂ ಕೋರ್ಟು 2019ರ ಜೂನ್‌ನಲ್ಲಿ ತೀರ್ಮಾನಿಸಿದ ರೆಹೈಫ್ ಪ್ರಕರಣ ಶುರುವಾದದ್ದೇ ಒಂದು ಶೂಟಿಂಗ್ ರೇಂಜ್‌ನಿಂದ. ವಿದ್ಯಾರ್ಥಿ ವೀಸಾದಲ್ಲಿ ಬಂದು, ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟು ವಾಸದ ಹಕ್ಕನ್ನೇ ಕಳೆದುಕೊಂಡಿದ್ದ ವ್ಯಕ್ತಿ ಫ್ಲೋರಿಡಾದ ರೇಂಜ್ ಒಂದರಲ್ಲಿ ಎರಡು ಬಂದೂಕುಗಳನ್ನು ಹಾರಿಸಿದ್ದಕ್ಕೆ ಮೊಕದ್ದಮೆ ಎದುರಿಸಬೇಕಾಯಿತು. ತನ್ನ ವಾಸದ ಸ್ಥಿತಿ ಆತನಿಗೆ ತಿಳಿದಿತ್ತು ಎಂಬುದನ್ನೂ ಸರ್ಕಾರವೇ ಸಾಬೀತುಪಡಿಸಬೇಕು ಎಂದು ನ್ಯಾಯಾಲಯ ಹೇಳಿತೇ ಹೊರತು, ರೇಂಜ್‌ನ ಬಂದೂಕು ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ ಎನ್ನಲಿಲ್ಲ. ಕೌಂಟರಿನಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಟ್ಟರು ಎಂಬುದು ಕಾನೂನಿನ ರಕ್ಷಣೆಯಲ್ಲ. ಸಂಶಯವಿದ್ದವರು ವಲಸೆ ವಕೀಲರನ್ನು ಕೇಳಿದ ಮೇಲೆಯೇ ಮುಂದುವರಿಯಬೇಕು.

ರೇಂಜ್‌ಗಳು ಯಾಕೆ ಇಷ್ಟು ಕಟ್ಟುನಿಟ್ಟು?

ನಿಯಮಗಳನ್ನು ಹೋಲಿಸುವುದಕ್ಕೆ ಅವುಗಳ ಹಿಂದಿರುವ ಭಯಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಎಲ್ಲ ರೇಂಜ್‌ಗಳೂ ‘ಸುರಕ್ಷತೆಗಾಗಿ’ ಎಂಬ ಒಂದೇ ಪದವನ್ನು ಬಳಸಿದರೂ, ಒಂದೊಂದರ ಕಳವಳ ಒಂದೊಂದು ಬಗೆಯದು.

ಮೊದಲನೆಯದು ಒತ್ತಡ. ಅಮೆರಿಕದ ತೋಟಾ ತಯಾರಕರು 1926ರಲ್ಲಿ ಸ್ಥಾಪಿಸಿಕೊಂಡ ಸಾಮಿ ಎಂಬ ಸಂಸ್ಥೆ ಪ್ರತಿಯೊಂದು ಬಗೆಯ ತೋಟಾಕ್ಕೂ ಒತ್ತಡದ ಗರಿಷ್ಠ ಮಿತಿಯನ್ನು ಗೊತ್ತುಪಡಿಸಿದೆ. 9 ಮಿಲಿಮೀಟರ್ ಲ್ಯೂಗರ್‌ಗೆ ಅದು ಚದರ ಅಂಗುಲಕ್ಕೆ 35,000 ಪೌಂಡ್, .45 ಎಸಿಪಿಗೆ 21,000, .38 ಸ್ಪೆಷಲ್‌ಗೆ 17,000. ಕಾರಿನ ಟಯರಿನಲ್ಲಿರುವುದು ಸುಮಾರು 32 ಪೌಂಡ್ ಎಂದು ನೆನೆದರೆ, ಅಂಗೈಯಲ್ಲಿ ಹಿಡಿದ 9 ಮಿಲಿಮೀಟರ್ ಪಿಸ್ತೂಲಿನ ಉಕ್ಕಿನೊಳಗೆ ಅದರ ಸಾವಿರ ಪಟ್ಟಿಗೂ ಮೀರಿದ ಒತ್ತಡ ಹುಟ್ಟುತ್ತಿದೆ ಎಂಬುದು ಮನವರಿಕೆಯಾದೀತು. ಇಷ್ಟನ್ನೂ ಹುಟ್ಟಿಸುವ ಮದ್ದು 9 ಮಿಲಿಮೀಟರ್ ತೋಟಾದಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂಗಿಂತಲೂ ಕಡಿಮೆ. ಹಾಗಾಗಿ ಕೈತಪ್ಪಿ ಎರಡು ಬಾರಿ ಮದ್ದು ಬಿದ್ದರೆ ಅದು ಸಣ್ಣ ತಪ್ಪಾಗಿ ಉಳಿಯುವುದಿಲ್ಲ. 1898ರಲ್ಲಿ ಕಪ್ಪುಮದ್ದಿನ ಕಾಲಕ್ಕೆಂದು ರೂಪುಗೊಂಡ .38 ಸ್ಪೆಷಲ್‌ನ ಕೇಸು ಇಂದಿನ ಮದ್ದಿಗೆ ಎಷ್ಟು ವಿಶಾಲವೆಂದರೆ, ಬೇಗ ಉರಿಯುವ ಮದ್ದು ಎರಡು ಪಾಲು ಬಿದ್ದರೂ ತುಳುಕದೆ ಒಳಗೇ ಕುಳಿತುಬಿಡುತ್ತದೆ.

ಇದಕ್ಕೆ ಎದುರಾದ ತಪ್ಪು ಇನ್ನೂ ಮೋಸದ್ದು. ಮದ್ದೇ ಬೀಳದ ತೋಟಾದಲ್ಲಿ ಪ್ರೈಮರ್ ಮಾತ್ರ ಸಿಡಿದು, ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಇದನ್ನು ಸ್ಕ್ವಿಬ್ ಎನ್ನುತ್ತಾರೆ. ಅದನ್ನು ಗಮನಿಸದೆ ಮುಂದಿನ ಗುಂಡು ಹಾರಿಸಿದರೆ ನಳಿಗೆ ಉಬ್ಬಬಹುದು ಅಥವಾ ಸೀಳಬಹುದು. ರೀಲೋಡಿಂಗ್ ಕಲಿತ ಮೂರನೆಯ ವರ್ಷದಲ್ಲಿ ನನಗೇ ಹೀಗಾಯಿತು. ಕೆಲಸದ ನಡುವೆ ಫೋನ್ ಬಂದು ಎದ್ದು ಹೋಗಿದ್ದೆ. ಮರಳಿ ಕುಳಿತಾಗ ಒಂದು ಕೇಸು ಮದ್ದಿಲ್ಲದೆಯೇ ಮುಂದಕ್ಕೆ ಸಾಗಿತ್ತು. ರೇಂಜ್‌ನಲ್ಲಿ ‘ಢಂ’ ಎನ್ನಬೇಕಾದಲ್ಲಿ ‘ಟಪ್’ ಎಂದಾಗ, ಕಿವಿಗೆ ರಕ್ಷಣೆ ಹಾಕಿಕೊಂಡಿದ್ದ ನನಗೆ ಅದು ಪಕ್ಕದ ಲೇನಿನ ಸದ್ದಿನಲ್ಲಿ ಕರಗಿಹೋಗಿತ್ತು. ಹಿಂದೆ ನಿಂತಿದ್ದ ಹಿರಿಯ ಸದಸ್ಯರೊಬ್ಬರು ಗಟ್ಟಿಯಾಗಿ ಕೂಗಿ ನಿಲ್ಲಿಸದಿದ್ದರೆ ಮುಂದಿನ ಗುಂಡನ್ನು ಹಾರಿಸಿಯೇ ಬಿಡುತ್ತಿದ್ದೆ. ಒಳಾಂಗಣ ರೇಂಜ್‌ನ ಗದ್ದಲದಲ್ಲಿ ಸ್ಕ್ವಿಬ್ ಕೇಳಿಸುವುದು ಬಯಲಿನಲ್ಲಿ ಕೇಳಿಸುವುದಕ್ಕಿಂತ ಕಷ್ಟ, ಪಕ್ಕದವರು ನಿಂತಿರುವುದೂ ಕೆಲವೇ ಅಡಿಗಳ ದೂರದಲ್ಲಿ. ರೀಲೋಡ್ ಬೇಡವೆನ್ನುವ ರೇಂಜ್ ನಿಮ್ಮ ಕೈಚಳಕವನ್ನು ಅವಮಾನಿಸುತ್ತಿಲ್ಲ ಎಂದು ನಾನು ಅಂದಿನಿಂದ ನಂಬಿದ್ದೇನೆ.

ಎರಡನೆಯ ಕಳವಳ ಸೀಸದ್ದು. ಕಡಿಮೆ ಖರ್ಚೆಂದು ಅನೇಕ ರೀಲೋಡರ್‌ಗಳು ಅಚ್ಚು ಹೊಯ್ದ ಬರಿಯ ಸೀಸದ ಗುಂಡನ್ನು ಬಳಸುತ್ತಾರೆ. ಅದು ಬಿಸಿ ಅನಿಲಕ್ಕೆ ಸಿಕ್ಕಿ, ಮೇಲೆ ಸವರಿದ ಮೇಣದೊಂದಿಗೆ ಹೊಗೆಯಾಗಿ ಏಳುತ್ತದೆ. ಸಾಮಾನ್ಯ ಪ್ರೈಮರ್‌ನಲ್ಲಿಯೂ ಸೀಸದ ಸಂಯುಕ್ತವಿರುತ್ತದೆ. ಒಳಾಂಗಣದ ಗಾಳಿಯಲ್ಲಿ ಇದು ಉಳಿಯಬಾರದೆಂದೇ, ಹಾರಿಸುವವರ ಬೆನ್ನಿನಿಂದ ಗುರಿಯ ಕಡೆಗೆ ನಿಮಿಷಕ್ಕೆ ಸುಮಾರು 75 ಅಡಿ ವೇಗದಲ್ಲಿ ಗಾಳಿ ಹರಿಯುತ್ತಿರಬೇಕೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯಾಶ್ ಶಿಫಾರಸು ಮಾಡಿದೆ. ಕೆಲಸಗಾರರು ಎಂಟು ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 50 ಮೈಕ್ರೊಗ್ರಾಂಗಿಂತ ಹೆಚ್ಚು ಸೀಸವಿರುವ ಗಾಳಿಯನ್ನು ಉಸಿರಾಡುವಂತಾಗಬಾರದು ಎಂಬುದು ಕೆಲಸದ ಸ್ಥಳಗಳ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಓಶಾದ ಕಾನೂನು. ಈ ಮಿತಿ ಇರುವುದು ನೌಕರರಿಗಾಗಿ ಎಂಬುದನ್ನು ಗಮನಿಸಬೇಕು. ವಾರಕ್ಕೊಮ್ಮೆ ಒಂದು ಗಂಟೆ ಬಂದು ಹೋಗುವ ನಿಮಗೆ ತೊಂದರೆಯೆನಿಸದ ಹೊಗೆಯಲ್ಲಿ ಸುರಕ್ಷತೆಯ ಮೇಲೆ ಕಣ್ಣಿಡುವ ರೇಂಜ್ ಆಫೀಸರ್ ದಿನವಿಡೀ ನಿಲ್ಲುತ್ತಾರೆ.

ಮೂರನೆಯದು ಗೋಡೆ ಮತ್ತು ಬೆಂಕಿ. ಉಕ್ಕಿನ ತಿರುಳಿರುವ ಗುಂಡು ಗುರಿಯ ಹಿಂದೆ ಗುಂಡನ್ನು ತಡೆಯುವ ಬ್ಯಾಕ್‌ಸ್ಟಾಪ್ ಅನ್ನು ಹಾಳುಮಾಡುತ್ತದೆ ಮತ್ತು ಕಿಡಿ ಹಾರಿಸುತ್ತದೆ; ಹಾರಿಸುವ ಸಾಲಿನ ಮುಂದೆ ನೆಲದಲ್ಲಿ ಶೇಖರವಾಗುವ ಅರೆಬೆಂದ ಮದ್ದಿನ ಪುಡಿಗೆ ಆ ಕಿಡಿ ಸಾಕು. ಕೌಂಟರಿನಲ್ಲಿ ನಿಮ್ಮ ಗುಂಡಿಗೆ ಆಯಸ್ಕಾಂತ ಮುಟ್ಟಿಸಿ ನೋಡುವುದು ಇದಕ್ಕಾಗಿ. ತಿರುಳು ಸೀಸದ್ದೇ ಆಗಿದ್ದು ಹೊದಿಕೆಯಲ್ಲಿ ಮಾತ್ರ ಉಕ್ಕಿದ್ದರೂ ಆಯಸ್ಕಾಂತ ಅಂಟುತ್ತದೆ. ಒಳಗಿರುವುದೇನೆಂದು ಹೊರಗಿನಿಂದ ತಿಳಿಯದ ಕಾರಣ ರೇಂಜ್‌ಗಳು ಎರಡನ್ನೂ ಹೊರಗಿಡುತ್ತವೆ.

ನಾಲ್ಕು ಬಗೆಯ ರೇಂಜ್‌ಗಳು

ಮೊದಲ ಬಗೆಯವು ತಾವೇ ಮಾರುವ ತೋಟಾಗಳನ್ನು ಮಾತ್ರ ಹಾರಿಸಲು ಬಿಡುತ್ತವೆ. ಬಾಡಿಗೆ ಬಂದೂಕಿನ ಮಟ್ಟಿಗೆ ಹೆಚ್ಚುಕಡಿಮೆ ಎಲ್ಲ ವಾಣಿಜ್ಯ ರೇಂಜ್‌ಗಳದೂ ಇದೇ ನಿಯಮ. ಕೆಲವು ಕಡೆ ಮಾತ್ರ ಸ್ವಂತ ಬಂದೂಕಿಗೂ ಇದೇ. ಇಲ್ಲಿ ಬೆಲೆ ಹೊರಗಿಗಿಂತ ಹೆಚ್ಚು, ಆದರೆ ನಿರ್ಧಾರದ ಭಾರ ನಿಮ್ಮ ಮೇಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ವ್ಯವಸ್ಥೆಗೆ ಬೇರೊಂದು ಅನುಕೂಲವೂ ಇದೆ. ಅಲ್ಲಿ 2019ರ ಜುಲೈ 1ರಿಂದ ತೋಟಾ ಕೊಳ್ಳಲು ಹಿನ್ನೆಲೆ ಪರಿಶೀಲನೆ ಬೇಕೆಂಬ ನಿಯಮ ಜಾರಿಗೆ ಬಂದಾಗ, ಪರವಾನಗಿ ಪಡೆದ ರೇಂಜ್‌ನಲ್ಲಿ ಕೊಂಡು ಅದರ ಆವರಣದೊಳಗೇ ಇರಿಸಿಕೊಂಡು ಬಳಸುವ ತೋಟಾಗಳಿಗೆ ವಿನಾಯಿತಿ ನೀಡಲಾಯಿತು. ಈ ಕಾನೂನು ನ್ಯಾಯಾಲಯಗಳಲ್ಲಿ ಪ್ರಶ್ನೆಗೊಳಗಾಗಿರುವುದರಿಂದ ಸದ್ಯದ ಸ್ಥಿತಿಯನ್ನು ರೇಂಜ್‌ನಲ್ಲಿಯೇ ಕೇಳಿಕೊಳ್ಳಬೇಕು.

ಎರಡನೆಯ ಬಗೆಯವು ನಿಮ್ಮ ತೋಟಾಗಳನ್ನು ತರಲು ಬಿಡುತ್ತವೆ, ಆದರೆ ಕಾರ್ಖಾನೆಯ ಹೊಸ ತೋಟಾಗಳಾಗಿರಬೇಕು, ಮೂಲ ಡಬ್ಬಿಯಲ್ಲಿರಬೇಕು, ಗುಂಡಿಗೆ ತಾಮ್ರದ ಹೊದಿಕೆಯಿರಬೇಕು ಎನ್ನುತ್ತವೆ. ನಗರಗಳ ದೊಡ್ಡ ಒಳಾಂಗಣ ರೇಂಜ್‌ಗಳಲ್ಲಿ ನನಗೆ ಹೆಚ್ಚಾಗಿ ಎದುರಾದದ್ದು ಇದೇ ಬಗೆ. ಅಂಗಡಿಯಲ್ಲಿ ಅಗ್ಗವಾದಾಗ ಕೊಂಡಿಟ್ಟುಕೊಳ್ಳುವವರಿಗೆ ಇದು ಒಳ್ಳೆಯ ಆಯ್ಕೆ. ಬಿಡಿಬಿಡಿಯಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದ ತೋಟಾಗಳು ಕಾರ್ಖಾನೆಯವೇ ಆಗಿದ್ದರೂ ನಿರಾಕರಣೆಗೆ ಒಳಗಾಗಬಹುದು, ಆದ್ದರಿಂದ ಮೂಲ ಡಬ್ಬಿಯನ್ನು ಎಸೆಯಬಾರದು.

ಮೂರನೆಯ ಬಗೆಯವುಗಳನ್ನು ಗುರುತಿಸುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಇವು ಮನೆಯಲ್ಲಿ ತುಂಬಿದ ತೋಟಾಗಳನ್ನು ಒಪ್ಪುವುದಿಲ್ಲ, ಆದರೆ ‘ರೀಮ್ಯಾನುಫ್ಯಾಕ್ಚರ್ಡ್’ (ಮರುತಯಾರಿಸಿದ್ದು) ಎಂದು ಡಬ್ಬಿಯ ಮೇಲೆ ಅಚ್ಚಾದ ತೋಟಾಗಳನ್ನು ಒಪ್ಪುತ್ತವೆ. ಅವೂ ಬಳಸಿದ ಕೇಸುಗಳಿಂದಲೇ ಆದವು. ಆದರೆ ತಯಾರಿಸಿದವರು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದ ಉದ್ಯಮ; ಡಬ್ಬಿಯ ಮೇಲೆ ಲಾಟ್ ಸಂಖ್ಯೆ ಇರುತ್ತದೆ, ದೋಷ ಕಂಡುಬಂದರೆ ಹಿಂದಕ್ಕೆ ಪಡೆಯಲು ಒಂದು ದಾರಿಯಿರುತ್ತದೆ, ಅಪಘಾತವಾದರೆ ಹೊಣೆ ಹೊರುವವರಿರುತ್ತಾರೆ. ರೇಂಜ್‌ನ ವಿಮೆಯ ದೃಷ್ಟಿಯಿಂದ ಮನೆಯ ಮೇಜಿನ ಮೇಲೆ ತುಂಬಿದ್ದಕ್ಕೂ ಇದಕ್ಕೂ ಅಜಗಜಾಂತರ. ಹೀಗಿದ್ದರೂ ಎರಡನೆಯ ಬಗೆಯ ಕೆಲವು ರೇಂಜ್‌ಗಳು ಇವನ್ನೂ ರೀಲೋಡ್ ಎಂದೇ ಎಣಿಸುತ್ತವೆ. ಬೆಲೆ ಕಡಿಮೆಯೆಂದು ಸಾವಿರ ತೋಟಾಗಳ ಪೆಟ್ಟಿಗೆ ತರಿಸುವ ಮೊದಲು ನಿಮ್ಮ ರೇಂಜ್ ಈ ಪದವನ್ನು ಹೇಗೆ ಅರ್ಥೈಸುತ್ತದೆ ಎಂದು ಕೇಳುವುದು ಒಳಿತು. ಕಾರ್ಖಾನೆಯ ಹೊಸ ತೋಟಾ ಮತ್ತು ಇವುಗಳ ನಡುವೆ ಬೆಲೆಯ ಅಂತರ ತೀರಾ ಸಣ್ಣದಾಗಿದ್ದರೆ ನಾನು ಹೊಸದನ್ನೇ ಕೊಳ್ಳುತ್ತೇನೆ.

ನಾಲ್ಕನೆಯವು ನೀವೇ ತುಂಬಿದ ತೋಟಾಗಳನ್ನು ಒಪ್ಪುವ ರೇಂಜ್‌ಗಳು. ಇವು ಹೆಚ್ಚಾಗಿ ಸದಸ್ಯರ ಕ್ಲಬ್ಬುಗಳು, ಇಲ್ಲವೇ ಸ್ಪರ್ಧೆಗಳಿಗೆ ಹೆಸರಾದ ರೇಂಜ್‌ಗಳು. ಓಡಾಡುತ್ತ ವೇಗವಾಗಿ ಗುರಿಗಳಿಗೆ ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್ ಸ್ಪರ್ಧೆಗಳಲ್ಲಿ ರೀಲೋಡಿಂಗ್ ಬೇರೂರಿರುವುದಕ್ಕೆ ಸ್ಪಷ್ಟ ಕಾರಣವಿದೆ. ಈ ಸ್ಪರ್ಧೆಗಳ ಅಮೆರಿಕದ ಸಂಸ್ಥೆಯಾದ ಯುಎಸ್‌ಪಿಎಸ್‌ಎ ನಿಯಮದಂತೆ ಗುಂಡಿನ ತೂಕವನ್ನು ಗ್ರೇನ್ ಎಂಬ ಸಣ್ಣ ತೂಕದ ಅಳತೆಯಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಗಳಲ್ಲಿ ಅಳೆದು, ಗುಣಿಸಿ ಸಾವಿರದಿಂದ ಭಾಗಿಸಿದಾಗ ಬರುವ ಪವರ್ ಫ್ಯಾಕ್ಟರ್ ಕಡಿಮೆ ಶಕ್ತಿಯ ತೋಟಾಗಳ ‘ಮೈನರ್’ ವರ್ಗಕ್ಕೆ ಕನಿಷ್ಠ 125 ಇರಬೇಕು. ಆ ಗೆರೆಯನ್ನು ಸ್ವಲ್ಪವೇ ದಾಟುವ, ಕೈಗೆ ಒದೆತ ಕಡಿಮೆ ಇರುವ ತೋಟಾವನ್ನು ತಮಗೆ ಒಪ್ಪುವಂತೆ ಹೊಂದಿಸಿಕೊಳ್ಳಲು ಸ್ಪರ್ಧಿಗಳು ಸ್ವತಃ ತುಂಬುತ್ತಾರೆ. ಇಂಥ ಕ್ಲಬ್ಬುಗಳಲ್ಲಿಯೂ ಷರತ್ತುಗಳಿರುತ್ತವೆ: ತುಂಬಿದವರೇ ಹಾರಿಸಬೇಕು, ಬರಿಯ ಸೀಸದ ಗುಂಡು ಒಳಾಂಗಣದಲ್ಲಿ ಬೇಡ, ಬಾಡಿಗೆ ಬಂದೂಕಿನಲ್ಲಿ ಬಳಸಬಾರದು ಎಂಬಂಥವು. ಪಾಲಿಮರ್ ಲೇಪಿಸಿದ ಸೀಸದ ಗುಂಡಿನ ವಿಷಯದಲ್ಲಿ ಒಮ್ಮತವಿಲ್ಲ. ಲೇಪನ ಹೊಗೆಯನ್ನು ಕಡಿಮೆ ಮಾಡುತ್ತದೆ ಎಂದು ಕೆಲವರು ಒಪ್ಪಿದರೆ, ಸೀಸವೆಂದರೆ ಸೀಸವೇ ಎಂದು ಕೆಲವರು ತಡೆಯುತ್ತಾರೆ.

ನೆಲಕ್ಕೆ ಬಿದ್ದ ಹಿತ್ತಾಳೆ ಯಾರದು?

ರೀಲೋಡ್ ಮಾಡುವವರು ರೇಂಜ್ ಆಯ್ದುಕೊಳ್ಳುವಾಗ ತೋಟಾದ ನಿಯಮದಷ್ಟೇ ಗಮನಿಸಬೇಕಾದದ್ದು ಖಾಲಿ ಕೇಸಿನ ನಿಯಮ. ಮತ್ತೆ ಮತ್ತೆ ಬಳಸಬಹುದಾದ ಭಾಗ ಅದೊಂದೇ. ಅನೇಕ ವಾಣಿಜ್ಯ ರೇಂಜ್‌ಗಳಲ್ಲಿ ನೆಲಕ್ಕೆ ಬಿದ್ದದ್ದೆಲ್ಲ ರೇಂಜ್‌ನ ಸ್ವತ್ತು. ಅದನ್ನು ಗುಡಿಸಿ ಒಟ್ಟುಮಾಡಿ ಮಾರುವುದು ಅವರ ಆದಾಯದ ಒಂದು ಭಾಗ. ಕೆಲವು ಕಡೆ ನಿಮ್ಮವನ್ನು ನೀವು ಹೆಕ್ಕಿಕೊಳ್ಳಬಹುದು, ಆದರೆ ಹಾರಿಸುವ ಸಾಲಿನ ಮುಂದೆ ಬಿದ್ದದ್ದಕ್ಕೆ ಕೈಚಾಚುವಂತಿಲ್ಲ. ಕಾರ್ಖಾನೆಯ ತೋಟಾ ಮಾತ್ರ ಒಪ್ಪುವ, ಆದರೆ ಖಾಲಿ ಕೇಸನ್ನು ಒಯ್ಯಲು ಬಿಡುವ ರೇಂಜ್ ರೀಲೋಡರ್‌ಗೆ ವ್ಯರ್ಥವೇನಲ್ಲ. ಒಮ್ಮೆ ಮಾತ್ರ ಬಳಸಿದ, ತನ್ನದೇ ಬಂದೂಕಿನಿಂದ ಬಂದ, ಇತಿಹಾಸ ಗೊತ್ತಿರುವ ಹಿತ್ತಾಳೆ ಅಲ್ಲಿ ಸಿಗುತ್ತದೆ. ಎಷ್ಟು ಸಲ ತುಂಬಿದ್ದೆಂದು ತಿಳಿಯದ ಕೇಸಿಗಿಂತ ಅದು ಎಷ್ಟೋ ವಾಸಿ.

ಇದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆ. ರೇಂಜ್‌ಗೆ ಒಯ್ಯುವ ಚೀಲವನ್ನು ಊರಿಗೆ ಹೋಗುವಾಗ ಎಂದಿಗೂ ಬಳಸಬೇಡಿ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಂಡರೂ, ಲೈಸೆನ್ಸ್ ಇಲ್ಲದ ನಿಮ್ಮನ್ನು ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಕಟಕಟೆಗೆ ತರಬಹುದು.

ಯಾರಿಗೆ ಯಾವುದು?

ಈಗಷ್ಟೇ ಕಲಿಯುತ್ತಿರುವವರಿಗೆ ನನ್ನ ಸಲಹೆಯಲ್ಲಿ ಎರಡು ಮಾತಿಲ್ಲ. ಮೊದಲ ಬಗೆಯ ಅಥವಾ ಎರಡನೆಯ ಬಗೆಯ ರೇಂಜ್ ಹಿಡಿಯಿರಿ, .22 ಪಿಸ್ತೂಲಿನಿಂದ ತೊಡಗಿ. ಅದರ ತೋಟಾ ಅಗ್ಗ, ಒದೆತ ಅತ್ಯಲ್ಪ, ರೀಲೋಡ್‌ನ ಪ್ರಶ್ನೆಯೇ ಏಳುವುದಿಲ್ಲ. ಅದರಲ್ಲಿ ಬರಿಯ ಸೀಸದ ಗುಂಡು ಸಾಮಾನ್ಯ. ಹೊದಿಕೆಯಿಲ್ಲದ ಗುಂಡು ಬೇಡವೆನ್ನುವ ರೇಂಜ್ ಇದಕ್ಕೆ ವಿನಾಯಿತಿ ಕೊಡುತ್ತದೆಯೇ ಎಂದು ಕೇಳಿಕೊಂಡರಾಯಿತು.

ತಿಂಗಳಿಗೆ ಒಂದೆರಡು ಬಾರಿ ಹೋಗಿ ನೂರು ತೋಟಾ ಹಾರಿಸುವವರಿಗೆ ಎರಡನೆಯ ಬಗೆಯೇ ಸಾಕು. ಅಷ್ಟಕ್ಕಾಗಿ ರೀಲೋಡಿಂಗ್ ಯಂತ್ರ ಕೊಳ್ಳುವುದು ಹಣದ ಲೆಕ್ಕದಲ್ಲಿ ಹೊಂದುವುದಿಲ್ಲ. ಇದಲ್ಲದೆ ಗ್ಲಾಕ್ ಸೇರಿದಂತೆ ಹಲವು ತಯಾರಕರ ಕೈಪಿಡಿಗಳು ರೀಲೋಡ್ ಬಳಸಬಾರದೆಂದು ಎಚ್ಚರಿಸುತ್ತವೆ, ಅದರಿಂದಾದ ಹಾನಿಗೆ ವಾರಂಟಿ ಸಿಗುವುದೆಂದು ನೆಚ್ಚಿಕೊಳ್ಳುವಂತಿಲ್ಲ.

ಸ್ಪರ್ಧೆಗೆ ಇಳಿದವರು, ಅಥವಾ ಈ ಕೆಲಸದ ಸೂಕ್ಷ್ಮತೆಯನ್ನೇ ಪ್ರೀತಿಸುವವರು, ಶುಲ್ಕ ಹೆಚ್ಚಾದರೂ ದಾರಿ ದೂರವಾದರೂ ನಾಲ್ಕನೆಯ ಬಗೆಯ ಕ್ಲಬ್ಬನ್ನೇ ಸೇರಬೇಕು. ಹತ್ತಿರದ ರೇಂಜ್‌ಗೆ ಕಾರ್ಖಾನೆಯ ಖಾಲಿ ಡಬ್ಬಿಯಲ್ಲಿ ತಮ್ಮ ತೋಟಾಗಳನ್ನು ತುಂಬಿಕೊಂಡು ಹೋಗುವವರಿದ್ದಾರೆ. ಇದನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ಪ್ರವೇಶವೇ ರದ್ದಾದೀತು ಎಂಬುದು ಸಣ್ಣ ಮಾತು. ತೋಟಾ ಎಲ್ಲಿಯದೆಂದು ತಿಳಿಯದ ರೇಂಜ್ ಆಫೀಸರ್ ಅಪಾಯದ ಗಳಿಗೆಯಲ್ಲಿ ತಪ್ಪು ನಿರ್ಧಾರ ಕೈಗೊಳ್ಳಬಹುದು, ಪಕ್ಕದ ಲೇನಿನಲ್ಲಿ ಮಗಳಿಗೆ ಕಲಿಸುತ್ತಿರುವ ತಂದೆಯ ಒಪ್ಪಿಗೆಯಿಲ್ಲದೆ ಅವರನ್ನೂ ನಮ್ಮ ಪ್ರಯೋಗದ ಭಾಗವಾಗಿಸಿದಂತೆ ಆಗುತ್ತದೆ.

ಒಪ್ಪುವ ಕಡೆಗೆ ಒಯ್ಯುವಾಗ ಪ್ರತಿ ಡಬ್ಬಿಯ ಮೇಲೂ ತುಂಬಿದ ದಿನಾಂಕ, ಮದ್ದಿನ ಹೆಸರು ಮತ್ತು ತೂಕ, ಗುಂಡಿನ ತೂಕ, ಕೇಸನ್ನು ಎಷ್ಟನೆಯ ಬಾರಿ ತುಂಬಿದ್ದು ಎಂಬುದನ್ನು ಬರೆದಿಡಿ. ಹೊಸ ಅಳತೆಯ ತೋಟಾಗಳನ್ನು ಮೊದಲು ಬಯಲಿನ ರೇಂಜ್‌ನಲ್ಲಿ, ಜನ ಕಡಿಮೆಯಿರುವ ಹೊತ್ತಿನಲ್ಲಿ, ಒಂದೊಂದಾಗಿ ಹಾರಿಸಿ ನೋಡಿದ ಮೇಲಷ್ಟೇ ಒಳಾಂಗಣಕ್ಕೆ ತನ್ನಿ. ಸದ್ದು ಅಥವಾ ಒದೆತ ಎಂದಿನಂತೆ ಇಲ್ಲವೆನಿಸಿದರೆ ಅಲ್ಲಿಗೇ ನಿಲ್ಲಿಸಿ, ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಅರ್ಧ ನಿಮಿಷ ಕಾದು, ರೇಂಜ್ ಆಫೀಸರ್ ಅನ್ನು ಕರೆಯಿರಿ. ನಳಿಗೆಯೊಳಗೆ ಕಣ್ಣಿಟ್ಟು ನೋಡುವುದು ಬಂದೂಕನ್ನು ಪೂರ್ತಿ ಖಾಲಿ ಮಾಡಿ, ಬಿಚ್ಚಿದ ಮೇಲೆ ಮಾತ್ರ.

ಸದಸ್ಯತ್ವಕ್ಕೆ ಹಣ ಕಟ್ಟುವ ಮೊದಲು ಫೋನಿನಲ್ಲಿ ಇಷ್ಟನ್ನು ಕೇಳಿಕೊಂಡರೆ ಸಾಕು: ರೀಲೋಡ್ ಎಂದರೆ ನಿಮ್ಮಲ್ಲಿ ಏನರ್ಥ, ಲೈಸೆನ್ಸ್ ಪಡೆದವರು ಮರುತಯಾರಿಸಿದ್ದೂ ಅದರಲ್ಲಿ ಸೇರುತ್ತದೆಯೇ, ಲೇಪಿತ ಸೀಸದ ಗುಂಡು ನಡೆಯುತ್ತದೆಯೇ, ಸ್ಪರ್ಧೆಯ ದಿನದ ನಿಯಮ ಬೇರೆಯೇ, ಖಾಲಿ ಕೇಸನ್ನು ಒಯ್ಯಬಹುದೇ? ಉತ್ತರವನ್ನು ಯಾರು, ಯಾವ ದಿನ ಹೇಳಿದರೆಂದು ಗುರುತುಹಾಕಿಕೊಂಡು, ಬರಹದ ನಿಯಮಾವಳಿಯ ಪ್ರತಿಯನ್ನೂ ಕೇಳಿ ಪಡೆಯಿರಿ. ಕೌಂಟರಿನಲ್ಲಿ ಪಾಳಿ ಬದಲಾದಾಗ ಉತ್ತರವೂ ಬದಲಾದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ.